ಎಂ ಅಕ್ಷರದ ಮೇಲೆ ಕೆಂಪು ಟೇಪು: ಎದುರಾಳಿ ಪಾಳೆಯಕ್ಕೆ ಹೋಗುವ ಕೋಚ್‌ಗಳ ಕಥೆ

ಎಂ.ಎಸ್. ಓದಲು ಅಮೆರಿಕದ ಕೊಲಂಬಸ್‌ಗೆ ಹೋಗಿರುವ ನಮ್ಮ ಸೀನಿಯರ್ ಒಬ್ಬರು ಒಮ್ಮೆ ನವೆಂಬರ್ ಕೊನೆಯಲ್ಲಿ ಗ್ರೂಪಿಗೆ ಒಂದು ಫೋಟೊ ಹಾಕಿದ್ದರು. ಓಹಾಯೊ ಸ್ಟೇಟ್ ಯೂನಿವರ್ಸಿಟಿಯ ಕಟ್ಟಡವೊಂದರ ಬೋರ್ಡು. ಅದರಲ್ಲಿದ್ದ ಇಂಗ್ಲಿಷ್ ‘ಎಂ’ ಅಕ್ಷರಗಳ ಮೇಲೆಲ್ಲ ಕೆಂಪು ಟೇಪಿನಿಂದ ಇಂಟು ಮಾರ್ಕು ಹಾಕಿತ್ತು. ಯಾರೋ ಕಿತಾಪತಿ ಹುಡುಗರ ಕೆಲಸ ಇರಬೇಕು ಅಂದುಕೊಂಡು ನಕ್ಕೆವು. ಆಮೇಲೆ ಅವರೇ ವಿವರಿಸಿದರು. ಅದು ಅಲ್ಲಿ ಪ್ರತಿ ವರ್ಷ ನಡೆಯುವ ಶಾಸ್ತ್ರವಂತೆ. ಮಿಷಿಗನ್ ಯೂನಿವರ್ಸಿಟಿ ಜೊತೆ ಫುಟ್‌ಬಾಲ್ ಪಂದ್ಯ ಇರುವ ವಾರ ಕ್ಯಾಂಪಸ್ಸಿನಲ್ಲಿ ‘ಎಂ’ ಕಾಣಿಸಬಾರದು, ಅಷ್ಟೆ.

ಇಷ್ಟು ಹಟ ಇರುವ ಊರಲ್ಲಿ 2024ರ ಮಾರ್ಚ್‌ನಲ್ಲಿ ಒಂದು ಸುದ್ದಿ ಬಂತು. ಓಹಾಯೊ ಸ್ಟೇಟ್‌ನಲ್ಲಿ 2015ರಿಂದ ಒಂಬತ್ತು ಸೀಸನ್ ಅಸಿಸ್ಟೆಂಟ್ ಕೋಚ್ ಆಗಿದ್ದ ಟೋನಿ ಆಲ್ಫರ್ಡ್ ಕೆಲಸ ಬಿಟ್ಟರು. ಹೋಗಿದ್ದು ಎಲ್ಲಿಗೆ? ನೇರ ಮಿಷಿಗನ್‌ಗೆ. ಅದೇ ಕೆಲಸ, ಅದೇ ರನ್ನಿಂಗ್ ಬ್ಯಾಕ್ ಆಟಗಾರರಿಗೆ ತರಬೇತಿ. ಬದಲಾಗಿದ್ದು ಟೀ ಶರ್ಟಿನ ಬಣ್ಣ ಮಾತ್ರ.

“ದ್ರೋಹ” ಅಂತ ಒಂದು ಗುಂಪು, “ಅವರ ಕೆಲಸ, ಅವರ ಇಷ್ಟ” ಅಂತ ಇನ್ನೊಂದು ಗುಂಪು. ಇಂಥ ಸುದ್ದಿ ಬಂದಾಗಲೆಲ್ಲ ಅಲ್ಲಿ ಈ ಜಗಳ ಶುರುವಾಗುತ್ತೆ. ನನಗೆ ಕುತೂಹಲ ಹುಟ್ಟಿದ್ದು ಬೇರೆ ಕಡೆ. ಇಂಥವರು ಹೋಗುವಾಗ ನಿಜವಾಗಿ ಏನನ್ನು ತೆಗೆದುಕೊಂಡು ಹೋಗುತ್ತಾರೆ? ಅದರಿಂದ ಗೆಲುವು ಸಿಗುತ್ತಾ? ನಷ್ಟ ಆಗೋದು ಯಾರಿಗೆ? ಈ ಮೂರು ಪ್ರಶ್ನೆಗಳ ಹಿಂದೆ ಹೋದಾಗ ತಿಳಿದದ್ದು ಈ ಲೇಖನ.

ಮೊದಲು ಆಟದ ಬಗ್ಗೆ ಎರಡು ಮಾತು

ಇಲ್ಲಿ ಫುಟ್‌ಬಾಲ್ ಅಂದರೆ ಮೆಸ್ಸಿ, ರೊನಾಲ್ಡೊ ಆಡುವ ಆಟ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಮೆರಿಕನ್ ಫುಟ್‌ಬಾಲ್. ಒಂದು ಕಡೆಗೆ ಹನ್ನೊಂದು ಜನ. ಚೆಂಡು ಇಟ್ಟುಕೊಂಡು ಮುಂದೆ ಹೋಗುವ ತಂಡ ಅಫೆನ್ಸ್, ತಡೆಯುವ ತಂಡ ಡಿಫೆನ್ಸ್. ಎರಡಕ್ಕೂ ಬೇರೆ ಬೇರೆ ಆಟಗಾರರು. ಒಂದೊಂದು ಸಲ ಚೆಂಡು ಎತ್ತುವ ಮುಂಚೆಯೂ ಹನ್ನೊಂದು ಜನರಲ್ಲಿ ಯಾರು ಎಲ್ಲಿಗೆ ಓಡಬೇಕು, ಯಾರನ್ನು ತಡೆಯಬೇಕು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ. ಅದಕ್ಕೆ ‘ಪ್ಲೇ’ ಅಂತಾರೆ. ನೂರಾರು ಪ್ಲೇಗಳಿರುವ ಪುಸ್ತಕವೇ ‘ಪ್ಲೇಬುಕ್’.

ಒಂದು ಯೂನಿವರ್ಸಿಟಿ ತಂಡದಲ್ಲಿ ನೂರಕ್ಕೂ ಹೆಚ್ಚು ಆಟಗಾರರು ಇರುತ್ತಾರೆ. ಒಬ್ಬ ಹೆಡ್ ಕೋಚ್ ಇಷ್ಟು ಜನರನ್ನು ನೋಡಿಕೊಳ್ಳೋಕೆ ಆಗಲ್ಲ. ಅವರ ಕೆಳಗೆ ಅಫೆನ್ಸ್‌ಗೆ ಒಬ್ಬ, ಡಿಫೆನ್ಸ್‌ಗೆ ಒಬ್ಬ ಕೋಆರ್ಡಿನೇಟರ್. ಇವರನ್ನು ಹೆಚ್‌ಓಡಿಗಳು ಅಂದುಕೊಳ್ಳಿ. ಅವರ ಕೆಳಗೆ ಒಂದೊಂದು ಸ್ಥಾನಕ್ಕೆ ಒಬ್ಬೊಬ್ಬರು ಪೊಸಿಷನ್ ಕೋಚ್. ಕೋಆರ್ಡಿನೇಟರ್‌ಗಳೂ ಪೊಸಿಷನ್ ಕೋಚ್‌ಗಳೂ ಸೇರಿ ಎಲ್ಲರೂ ಅಸಿಸ್ಟೆಂಟ್ ಕೋಚ್‌ಗಳೇ. 2018ರಿಂದ ದೊಡ್ಡ ತಂಡಗಳಿಗೆ ಇಂಥ ಹತ್ತು ಜನರನ್ನು ಇಟ್ಟುಕೊಳ್ಳಲು ಅವಕಾಶ ಇತ್ತು. 2024ರಲ್ಲಿ ನಿಯಮ ಸಡಿಲವಾಗಿ, ಮೈದಾನದಲ್ಲಿ ತರಬೇತಿ ಕೊಡುವವರ ಸಂಖ್ಯೆಗೆ ಮಿತಿಯೇ ಇಲ್ಲದಂತಾಯಿತು. ಈ ಇಡೀ ವ್ಯವಸ್ಥೆಯನ್ನು, ಅಂದರೆ ತಂಡ, ಕೋಚ್‌ಗಳು, ಮೈದಾನ, ದುಡ್ಡು ಎಲ್ಲವನ್ನೂ ಸೇರಿಸಿ ಅಲ್ಲಿ ‘ಪ್ರೋಗ್ರಾಂ’ ಅಂತ ಕರೀತಾರೆ.

ಕಾಲೇಜು ಆಟ ಅಂತ ಹಗುರವಾಗಿ ನೋಡಬೇಡಿ. ಓಹಾಯೊ ಸ್ಟೇಟ್, ಮಿಷಿಗನ್ ಎರಡರ ಸ್ಟೇಡಿಯಂಗಳಲ್ಲೂ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಅತಿ ಹೆಚ್ಚು ಸಂಬಳ ಪಡೆಯುವ ಸರ್ಕಾರಿ ನೌಕರ ಗವರ್ನರ್ ಅಲ್ಲ, ಸರ್ಕಾರಿ ಯೂನಿವರ್ಸಿಟಿಯ ಫುಟ್‌ಬಾಲ್ ಕೋಚ್.

ಈ ಎರಡು ಯೂನಿವರ್ಸಿಟಿಗಳ ನಡುವೆ ಸುಮಾರು 300 ಕಿಲೋಮೀಟರ್ ದೂರ. ಮೊದಲ ಪಂದ್ಯ ನಡೆದದ್ದು 1897ರಲ್ಲಿ. ವೈರದ ಆಳ ಗೊತ್ತಾಗಬೇಕಾದರೆ ವುಡಿ ಹೇಯ್ಸ್ ಎಂಬ ಹೆಸರು ತಿಳಿದಿರಬೇಕು. ಓಹಾಯೊ ಸ್ಟೇಟ್‌ನ ದಂತಕಥೆಯಾದ ಈ ಹೆಡ್ ಕೋಚ್ ಮಿಷಿಗನ್ ಹೆಸರನ್ನೇ ಬಾಯಲ್ಲಿ ಹೇಳುತ್ತಿರಲಿಲ್ಲವಂತೆ. ‘ಉತ್ತರಕ್ಕಿರುವ ಆ ರಾಜ್ಯ’ ಅನ್ನುತ್ತಿದ್ದರು. ನಮ್ಮಜ್ಜಿಯಂದಿರು ಗಂಡನ ಹೆಸರು ಹೇಳದಿದ್ದದ್ದು ಗೌರವಕ್ಕೆ, ಇವರು ಹೇಳದಿದ್ದದ್ದು ಸಿಟ್ಟಿಗೆ.

ಆದರೆ ಆ ಹೇಯ್ಸ್‌ಗೆ ಅತಿ ದೊಡ್ಡ ಪೆಟ್ಟು ಕೊಟ್ಟವರು ಅವರ ಕೈಕೆಳಗೇ ಬೆಳೆದವರು. ಬೋ ಶೆಂಬೆಕ್ಲರ್ ಮಯಾಮಿ ಯೂನಿವರ್ಸಿಟಿಯಲ್ಲಿ ಹೇಯ್ಸ್ ಅವರ ಶಿಷ್ಯನಾಗಿ ಆಡಿದ್ದರು (ಫ್ಲೋರಿಡಾದ ಮಯಾಮಿ ಅಲ್ಲ, ಓಹಾಯೊದಲ್ಲಿರುವುದು). ಆಮೇಲೆ 1958ರಿಂದ 1962ರ ತನಕ ಓಹಾಯೊ ಸ್ಟೇಟ್‌ನಲ್ಲಿ ಅವರಿಗೆ ಅಸಿಸ್ಟೆಂಟ್ ಆಗಿದ್ದರು. ನಡುವೆ ಆರು ವರ್ಷ ಅದೇ ಮಯಾಮಿಗೆ ಹೆಡ್ ಕೋಚ್ ಆಗಿದ್ದು, 1969ರಲ್ಲಿ ಮಿಷಿಗನ್‌ಗೆ ಬಂದರು. ಆ ವರ್ಷ ಓಹಾಯೊ ಸ್ಟೇಟ್ ಸತತ 22 ಪಂದ್ಯ ಗೆದ್ದು, ದೇಶಕ್ಕೆ ಮೊದಲ ಸ್ಥಾನದಲ್ಲಿತ್ತು. ಶೆಂಬೆಕ್ಲರ್ ತಂಡ ಅದನ್ನು 24–12ರಿಂದ ಸೋಲಿಸಿತು. ಮುಂದಿನ ಹತ್ತು ವರ್ಷಗಳ ಗುರುಶಿಷ್ಯರ ಹೋರಾಟವನ್ನು ಅಲ್ಲಿನವರು ‘ಹತ್ತು ವರ್ಷಗಳ ಯುದ್ಧ’ ಅಂತಲೇ ಕರೀತಾರೆ. ಹತ್ತರಲ್ಲಿ ಐದು ಶಿಷ್ಯನಿಗೆ, ನಾಲ್ಕು ಗುರುವಿಗೆ, ಒಂದು ಸಮ. ಅಂದರೆ ಆ ಕಡೆಯಿಂದ ಈ ಕಡೆಗೆ ಬರುವುದು ಇವತ್ತಿನ ದುಡ್ಡಿನ ಕಾಲದ ಹೊಸ ರೋಗ ಏನಲ್ಲ.

ಯಾಕೆ ಹೋಗ್ತಾರೆ?

ಸುಲಭದ ಉತ್ತರ, ದುಡ್ಡು. ಅದು ಸುಳ್ಳಲ್ಲ. 2019ರ ಜನವರಿಯಲ್ಲಿ ರಯಾನ್ ಡೇ ಓಹಾಯೊ ಸ್ಟೇಟ್‌ನ ಹೆಡ್ ಕೋಚ್ ಆಗುತ್ತಿದ್ದಂತೆ ಮಿಷಿಗನ್‌ನಿಂದ ಇಬ್ಬರನ್ನು ಒಟ್ಟಿಗೆ ಕರೆದುಕೊಂಡರು: ಗ್ರೆಗ್ ಮ್ಯಾಟಿಸನ್ ಮತ್ತು ಆಲ್ ವಾಷಿಂಗ್ಟನ್. ಮ್ಯಾಟಿಸನ್‌ಗೆ ಆಗ ಹತ್ತಿರ ಹತ್ತಿರ ಎಪ್ಪತ್ತು ವರ್ಷ. ಮಿಷಿಗನ್‌ನಲ್ಲಿ ಡಿಫೆನ್ಸಿನ ಮುಂದಿನ ಸಾಲಿಗೆ ಕೋಚ್ ಆಗಿದ್ದರು. ಹೊಸ ಜಾಗದಲ್ಲಿ ಜಂಟಿ ಡಿಫೆನ್ಸ್ ಕೋಆರ್ಡಿನೇಟರ್ ಪಟ್ಟ, ಜೊತೆಗೆ ವರ್ಷಕ್ಕೆ 10 ಲಕ್ಷ ಡಾಲರ್ ದಾಟಿದ ಸಂಬಳ.

ವಾಷಿಂಗ್ಟನ್ ಕಥೆ ಬೇರೆ. ಅವರು ಬೆಳೆದದ್ದೇ ಕೊಲಂಬಸ್‌ನಲ್ಲಿ. ತಂದೆ ಓಹಾಯೊ ಸ್ಟೇಟ್‌ನ ಮಾಜಿ ಆಟಗಾರ. ಮಿಷಿಗನ್‌ನವರ ಕಣ್ಣಿಗೆ ಅವರು ವೈರಿ ಮನೆಗೆ ಹೋದರು. ಅವರ ಮನೆಯವರ ಕಣ್ಣಿಗೆ ಮಗ ಊರಿಗೆ ವಾಪಸ್ ಬಂದ. ಎರಡೂ ನಿಜವೇ ಅಲ್ವಾ?

ಇದಕ್ಕಿಂತ ಮುಖ್ಯವಾದದ್ದು ಕೆಲಸದ ಭದ್ರತೆ. ಅಸಿಸ್ಟೆಂಟ್ ಕೋಚ್‌ಗಳ ಒಪ್ಪಂದ ಸಾಮಾನ್ಯವಾಗಿ ಎರಡು, ಹೆಚ್ಚೆಂದರೆ ಮೂರು ವರ್ಷದ್ದು. ಅವರ ಹಣೆಬರಹ ಹೆಡ್ ಕೋಚ್ ಹಣೆಬರಹಕ್ಕೆ ಗಂಟು ಬಿದ್ದಿರುತ್ತೆ. ನಮ್ಮ ಕಾಲೇಜಿನಲ್ಲಿ ಪ್ರಿನ್ಸಿಪಾಲ್ ಬದಲಾದರೆ ಮೇಷ್ಟ್ರುಗಳು ಅಲ್ಲೇ ಇರ್ತಾರೆ. ಅಲ್ಲಿ ಹಾಗಲ್ಲ. ಹೆಡ್ ಕೋಚ್ ಹೋದರೆ ಹೊಸಬರು ತಮ್ಮ ಜನರನ್ನು ಕರೆದುಕೊಂಡೇ ಬರುತ್ತಾರೆ. ಹಳಬರು ಗಂಟುಮೂಟೆ ಕಟ್ಟಬೇಕು. ಪ್ರತಿ ವರ್ಷ ನವೆಂಬರ್, ಡಿಸೆಂಬರ್ ಬಂತೆಂದರೆ ನೂರಾರು ಅಸಿಸ್ಟೆಂಟ್ ಕೋಚ್‌ಗಳ ಮನೆಯಲ್ಲಿ ಮಕ್ಕಳ ಸ್ಕೂಲು ಬದಲಾಗುತ್ತಾ ಇಲ್ಲವಾ ಅನ್ನುವ ಮಾತು ನಡೆಯುತ್ತಿರುತ್ತೆ.

ಇದಕ್ಕೆ ಜಿಮ್ ನೋಲ್ಸ್ ಅವರಿಗಿಂತ ಒಳ್ಳೆಯ ಉದಾಹರಣೆ ಸಿಗಲ್ಲ. ಅವರು 2024ರಲ್ಲಿ ಓಹಾಯೊ ಸ್ಟೇಟ್‌ನ ಡಿಫೆನ್ಸ್ ಕೋಆರ್ಡಿನೇಟರ್. ಆ ವರ್ಷ ದೇಶದಲ್ಲೇ ಅತಿ ಕಡಿಮೆ ಅಂಕ ಬಿಟ್ಟುಕೊಟ್ಟ ಡಿಫೆನ್ಸ್ ಅವರದು. 2025ರ ಜನವರಿ 20ರಂದು ಓಹಾಯೊ ಸ್ಟೇಟ್ 34–23ರಿಂದ ನೋಟರ್ ಡೇಮ್ ಅನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆಯಿತು. ಸಂಭ್ರಮ ಮುಗಿಯುವ ಮೊದಲೇ ನೋಲ್ಸ್ ಪೆನ್ ಸ್ಟೇಟ್‌ಗೆ ಹೊರಟರು. ಅದು ಅದೇ ಬಿಗ್ ಟೆನ್ ಕೂಟದ ತಂಡ, ಓಹಾಯೊ ಸ್ಟೇಟ್ ವಿರುದ್ಧ 2016ರ ನಂತರ ಗೆಲ್ಲಲಾಗದೆ ಒದ್ದಾಡುತ್ತಿದ್ದ ತಂಡ. ಸಂಬಳ ವರ್ಷಕ್ಕೆ ಸರಾಸರಿ 31 ಲಕ್ಷ ಡಾಲರ್. ನಮ್ಮ ಲೆಕ್ಕದಲ್ಲಿ 25 ಕೋಟಿ ರೂಪಾಯಿಗೂ ಮೇಲೆ. ಜೊತೆಗೆ ನೋಲ್ಸ್ ಹುಟ್ಟೂರು ಫಿಲಡೆಲ್ಫಿಯಾ, ಪೆನ್ ಸ್ಟೇಟ್ ಇರುವ ಪೆನ್ಸಿಲ್ವೇನಿಯಾ ರಾಜ್ಯದಲ್ಲೇ ಇದೆ.

ಮುಂದೆ ಏನಾಯ್ತು ನೋಡಿ. 2025ರ ಸೀಸನ್ ಶುರುವಾಗುವಾಗ ಪೆನ್ ಸ್ಟೇಟ್ ದೇಶದಲ್ಲಿ ಎರಡನೇ ಸ್ಥಾನದಲ್ಲಿತ್ತು. ಆಮೇಲೆ ಸತತ ಮೂರು ಸೋಲು. ಅಕ್ಟೋಬರ್ 12ರಂದು ನೋಲ್ಸ್‌ನ ಕರೆತಂದಿದ್ದ ಹೆಡ್ ಕೋಚ್ ಜೇಮ್ಸ್ ಫ್ರಾಂಕ್ಲಿನ್ ಅವರನ್ನೇ ಯೂನಿವರ್ಸಿಟಿ ಮನೆಗೆ ಕಳಿಸಿತು. ನೋಲ್ಸ್ ಬಂದು ಒಂಬತ್ತು ತಿಂಗಳೂ ಆಗಿರಲಿಲ್ಲ. ನಿಷ್ಠೆ ಬಗ್ಗೆ ಭಾಷಣ ಮಾಡುವ ಪ್ರೋಗ್ರಾಂಗಳು ಸೀಸನ್ ಮಧ್ಯದಲ್ಲೇ ಕೋಚ್‌ನ ತೆಗೆದುಹಾಕುತ್ತವೆ ಅಂದಮೇಲೆ, ಕೋಚ್ ಒಬ್ಬನಿಂದ ಮಾತ್ರ ನಿಷ್ಠೆ ಕೇಳುವುದು ಹೇಗೆ?

ಏನನ್ನು ಹೊತ್ತುಕೊಂಡು ಹೋಗ್ತಾರೆ?

ಎಲ್ಲರ ತಲೆಗೆ ಮೊದಲು ಬರೋದು ಪ್ಲೇಬುಕ್. “ನಮ್ಮ ಗುಟ್ಟೆಲ್ಲ ಅವರ ಕೈಗೆ ಹೋಯ್ತು” ಅಂತ. ಆದರೆ ಪ್ಲೇಬುಕ್‌ನಲ್ಲಿ ಗುಟ್ಟು ಅನ್ನೋದು ನಾವಂದುಕೊಂಡಷ್ಟು ಇರಲ್ಲ. ಪ್ರತಿ ಪಂದ್ಯವನ್ನೂ ಮೇಲಿನಿಂದ ಇಪ್ಪತ್ತೆರಡೂ ಆಟಗಾರರು ಕಾಣುವಂತೆ ಚಿತ್ರೀಕರಿಸಿರುತ್ತಾರೆ. ಎದುರಾಳಿ ಕೋಚ್‌ಗಳು ಆ ವಿಡಿಯೊಗಳನ್ನು ಗಂಟೆಗಟ್ಟಲೆ ನೋಡಿಯೇ ಪಂದ್ಯಕ್ಕೆ ಬರುವುದು. ಯಾವ ತಂಡ ಯಾವ ಪ್ಲೇ ಆಡುತ್ತೆ ಅನ್ನೋದು ಅವರಿಗೆ ಆಗಲೇ ಗೊತ್ತಿರುತ್ತೆ.

ಗೊತ್ತಿಲ್ಲದ್ದು ಆ ಪ್ಲೇಗೆ ತಂಡದ ಒಳಗಿರುವ ಹೆಸರು, ಅದನ್ನು ತಿಳಿಸುವ ಸನ್ನೆ. ಇತ್ತೀಚಿನ ತನಕ ಕಾಲೇಜು ಆಟದಲ್ಲಿ ಮೈದಾನದ ಅಂಚಿನಲ್ಲಿ ನಿಂತು ಕೈ ಆಡಿಸಿ, ಬಣ್ಣಬಣ್ಣದ ಬೋರ್ಡು ಎತ್ತಿ ಪ್ಲೇ ತಿಳಿಸುತ್ತಿದ್ದರು. ಹಳೆಯ ಕೋಚ್ ಎದುರಾಳಿ ಕಡೆ ಇದ್ದರೆ ಇದು ಅಪಾಯವೇ. ಆದರೆ ಇದು ಪಾಸ್‌ವರ್ಡ್ ಇದ್ದಂತೆ. ಕೆಲಸ ಬಿಟ್ಟವರಿಗೆ ಗೊತ್ತಿದ್ದರೆ ಬದಲಾಯಿಸಿದರಾಯ್ತು. ತಂಡಗಳು ಅದನ್ನೇ ಮಾಡುತ್ತವೆ. 2024ರಿಂದ ದೊಡ್ಡ ತಂಡಗಳಿಗೆ ಹೆಲ್ಮೆಟ್ಟಿನೊಳಗೇ ರೇಡಿಯೊ ಬಂದಿದೆ. ಮೈದಾನದಲ್ಲಿರುವ ಒಬ್ಬ ಆಟಗಾರನ ಕಿವಿಗೆ ಕೋಚ್ ನೇರವಾಗಿ ಹೇಳಬಹುದು. ಪ್ಲೇ ಶುರು ಮಾಡಲು 15 ಸೆಕೆಂಡ್ ಉಳಿದಾಗ ಆ ಸಂಪರ್ಕ ತಾನೇ ಕಡಿದುಹೋಗುತ್ತೆ. ಹಾಗಾಗಿ ಸನ್ನೆಗಳ ಬೆಲೆಯೂ ಇಳಿದಿದೆ.

ಅಲ್ಲದೆ ಸನ್ನೆ ಕದಿಯಬೇಕು ಅಂತಿದ್ದರೆ ಕೋಚ್‌ನ ಕೆಲಸಕ್ಕೆ ತೆಗೆದುಕೊಳ್ಳಲೇಬೇಕು ಅಂತೇನಿಲ್ಲ. ಪಂದ್ಯ ನಡೆಯುವಾಗ ಎದುರಾಳಿಯ ಸನ್ನೆ ನೋಡಿ ಊಹಿಸುವುದಕ್ಕೆ ಅಡ್ಡಿಯಿಲ್ಲ. ಮುಂದೆ ಎದುರಾಗಲಿರುವ ತಂಡದ ಪಂದ್ಯಕ್ಕೆ ಜನರನ್ನು ಕಳಿಸಿ ನೋಡಿಸುವುದು ಮಾತ್ರ 1994ರಿಂದ ನಿಷಿದ್ಧ. 2023ರಲ್ಲಿ ಮಿಷಿಗನ್ ಮೇಲೆ ಬಂದದ್ದು ಈ ಆರೋಪವೇ. ಆಗಿನ ಹೆಡ್ ಕೋಚ್ ಜಿಮ್ ಹಾರ್ಬೊ ಸಾಮಾನ್ಯ ಸೀಸನ್ನಿನ ಕೊನೆಯ ಮೂರು ಪಂದ್ಯಗಳಲ್ಲಿ ಮೈದಾನಕ್ಕೆ ಬರದಂತೆ ಬಿಗ್ ಟೆನ್ ಅವರನ್ನು ಅಮಾನತು ಮಾಡಿತ್ತು.

ಹಾಗಾದರೆ ಬೆಲೆ ಇರೋದು ಯಾವುದಕ್ಕೆ? ನನಗೆ ಕಂಡಂತೆ ಎರಡಕ್ಕೆ.

ಮೊದಲನೆಯದು, ಹುಡುಗರ ಬಗ್ಗೆ ಇರುವ ಅರಿವು. ರನ್ನಿಂಗ್ ಬ್ಯಾಕ್ ಕೋಚ್‌ನ ತೆಗೆದುಕೊಳ್ಳಿ. ಚೆಂಡು ಹಿಡಿದು ಓಡುವುದಷ್ಟೇ ಆ ಆಟಗಾರರ ಕೆಲಸ ಅಲ್ಲ. ಚೆಂಡು ಎಸೆಯುವವನ ಮೇಲೆ ನುಗ್ಗಿ ಬರುವವರನ್ನು ಅಡ್ಡ ನಿಂತು ತಡೆಯಬೇಕು. ಯಾರು ಎಡಗಡೆಯಿಂದ ಬರುವವನನ್ನು ತಡವಾಗಿ ನೋಡುತ್ತಾನೆ, ಯಾರಿಗೆ ಮೊದಲ ಪೆಟ್ಟು ಬಿದ್ದ ಮೇಲೆ ಧೈರ್ಯ ಕುಸಿಯುತ್ತೆ, ಯಾರು ಬೈದರೆ ಆಡುತ್ತಾನೆ, ಯಾರು ಬೈದರೆ ಮುದುಡುತ್ತಾನೆ, ಇವೆಲ್ಲ ದಿನಾ ಜೊತೆಗಿದ್ದವರಿಗೆ ಮಾತ್ರ ಗೊತ್ತು. ಇದು ಯಾವ ವಿಡಿಯೊದಲ್ಲೂ ಪೂರ್ತಿ ಕಾಣಲ್ಲ. ಪಾಸ್‌ವರ್ಡ್ ಥರ ಬದಲಾಯಿಸೋಕೂ ಆಗಲ್ಲ. ಆದರೆ ಆಟಗಾರರು ಮೂರ್ನಾಲ್ಕು ವರ್ಷಕ್ಕೆ ಕಾಲೇಜು ಮುಗಿಸಿ ಹೋಗುವುದರಿಂದ ಈ ಅರಿವಿಗೂ ಆಯುಸ್ಸು ಕಮ್ಮಿ. ಮೊದಲ ವರ್ಷ ಉಪಯೋಗ, ಮೂರನೇ ವರ್ಷಕ್ಕೆ ಹಳೇ ಪೇಪರ್.

ಎರಡನೆಯದು, ಸಂಬಂಧಗಳು. ಅಸಿಸ್ಟೆಂಟ್ ಕೋಚ್‌ನ ಅರ್ಧ ಕೆಲಸ ಹೈಸ್ಕೂಲ್ ಹುಡುಗರನ್ನು ಹುಡುಕಿ ಒಪ್ಪಿಸಿ ಕರೆತರುವುದು. ಇದಕ್ಕೆ ‘ರಿಕ್ರೂಟಿಂಗ್’ ಅಂತಾರೆ. ಒಬ್ಬ ಹುಡುಗನ ಹಿಂದೆ ಎರಡು ಮೂರು ವರ್ಷ ಬೀಳಬೇಕು. ಮನೆಗೆ ಹೋಗಿ ಅಪ್ಪ ಅಮ್ಮನ ಜೊತೆ ಕೂತು ಊಟ ಮಾಡಬೇಕು. ಅಜ್ಜಿಯ ಆರೋಗ್ಯ ವಿಚಾರಿಸಬೇಕು. ಸ್ಕೂಲಿನ ಕೋಚ್ ಫೋನ್ ಮಾಡಿದರೆ ಎತ್ತಬೇಕು. ಹೀಗೆ ಬೆಳೆದ ನಂಬಿಕೆ ಯೂನಿವರ್ಸಿಟಿಯ ಆಸ್ತಿ ಅಲ್ಲ, ಆ ಕೋಚ್‌ನ ಫೋನಿನಲ್ಲಿರುತ್ತೆ.

ಇಲ್ಲಿ ನಿಯಮ ಒಂದು ಗೆರೆ ಎಳೆದಿದೆ. ಹಳೆಯ ತಂಡದಲ್ಲಿ ಈಗಾಗಲೇ ಆಡುತ್ತಿರುವ ಹುಡುಗ ತಾನಾಗಿ ಬಿಡುತ್ತೇನೆ ಅಂತ ಹೆಸರು ಕೊಡುವ ತನಕ ಹೊರಗಿನ ಯಾವ ಕೋಚ್ ಕೂಡ ಅವನನ್ನು ಸಂಪರ್ಕಿಸುವಂತಿಲ್ಲ. ಆದರೆ ಇನ್ನೂ ಸಹಿ ಹಾಕದ ಹೈಸ್ಕೂಲ್ ಹುಡುಗರ ವಿಷಯದಲ್ಲಿ ಈ ಅಡ್ಡಿ ಇಲ್ಲ. ನಿನ್ನೆ ತನಕ “ಓಹಾಯೊ ಸ್ಟೇಟ್ ನಿನಗೆ ಸರಿಯಾದ ಜಾಗ ಮಗಾ” ಅಂದ ಬಾಯಿ ಇವತ್ತು “ಮಿಷಿಗನ್‌ಗೆ ಬಾ” ಅನ್ನಬಹುದು. ಕೆಲವರು ಹೋಗುತ್ತಾರೆ ಕೂಡ. ಪೆನ್ ಸ್ಟೇಟ್ ಕೆಲಸ ಕಳೆದುಕೊಂಡ ಫ್ರಾಂಕ್ಲಿನ್ ವರ್ಜೀನಿಯಾ ಟೆಕ್‌ಗೆ ಹೆಡ್ ಕೋಚ್ ಆಗಿ ಹೋದಾಗ, ಪೆನ್ ಸ್ಟೇಟ್‌ಗೆ ಬರುತ್ತೇವೆ ಎಂದಿದ್ದ ಹಲವು ಹೈಸ್ಕೂಲ್ ಹುಡುಗರು ಅವರ ಹಿಂದೆಯೇ ಹೋದರು. ಅವರಿಗೆ ಬೇಕಿದ್ದದ್ದು ಕಟ್ಟಡ ಅಲ್ಲ, ಆ ಮನುಷ್ಯ.

ಹೋದವರಿಂದ ಗೆಲುವು ಬಂತಾ?

ಈಗ ಸ್ಕೋರ್ ನೋಡೋಣ.

2018ರಲ್ಲಿ ಓಹಾಯೊ ಸ್ಟೇಟ್ 62–39ರಿಂದ ಮಿಷಿಗನ್ ಅನ್ನು ಸೋಲಿಸಿತ್ತು. ಮ್ಯಾಟಿಸನ್, ವಾಷಿಂಗ್ಟನ್ ಆಗ ಸೋತ ಕಡೆ ಇದ್ದರು. 2019ರಲ್ಲಿ ಇಬ್ಬರೂ ಓಹಾಯೊ ಕಡೆ. ಸ್ಕೋರ್ 56–27, ಗೆದ್ದದ್ದು ಓಹಾಯೊ. “ನೋಡಿದ್ರಾ, ಗುಟ್ಟು ಸಿಕ್ಕಿತು” ಅನ್ನಬಹುದು. ಆದರೆ ಹಿಂದಿನ ವರ್ಷ ಗುಟ್ಟಿಲ್ಲದೆಯೂ ಅವರೇ ಗೆದ್ದಿದ್ದರಲ್ಲ! 2020ರ ಪಂದ್ಯ ಕೊರೊನಾದಿಂದ ರದ್ದಾಯಿತು. ಅದಾದ ಮೇಲೆ ಮ್ಯಾಟಿಸನ್ ನಿವೃತ್ತರಾದರು. 2021ರಲ್ಲಿ ವಾಷಿಂಗ್ಟನ್ ಇನ್ನೂ ಓಹಾಯೊ ಕಡೆಯೇ ಇದ್ದರು, ಆದರೂ ಮಿಷಿಗನ್ 42–27ರಿಂದ ಗೆದ್ದಿತು. ಮುಂದಿನ ವರ್ಷ ವಾಷಿಂಗ್ಟನ್ ನೋಟರ್ ಡೇಮ್‌ಗೆ ಹೋದರು. 2025ರ ಜನವರಿಯಲ್ಲಿ ಓಹಾಯೊ ಸ್ಟೇಟ್ ಚಾಂಪಿಯನ್ ಆದಾಗ ಎದುರು ಸಾಲಿನಲ್ಲಿ ನಿಂತಿದ್ದವರಲ್ಲಿ ಅವರೂ ಒಬ್ಬರು.

2024ರ ನವೆಂಬರ್ 30. ಆಲ್ಫರ್ಡ್ ಈಗ ಮಿಷಿಗನ್ ಕಡೆ. ಪಂದ್ಯ ಕೊಲಂಬಸ್‌ನಲ್ಲಿ, ಅವರು ಒಂಬತ್ತು ಸೀಸನ್ ಕೆಲಸ ಮಾಡಿದ ಮೈದಾನದಲ್ಲೇ. ಓಹಾಯೊ ಸ್ಟೇಟ್ ಸುಲಭವಾಗಿ ಗೆಲ್ಲುತ್ತೆ ಅಂತ ಎಲ್ಲರ ಲೆಕ್ಕ. ಮಿಷಿಗನ್ 13–10ರಿಂದ ಗೆದ್ದಿತು. ಆಲ್ಫರ್ಡ್ ಗರಡಿಯ ಕೇಲೆಲ್ ಮುಲಿಂಗ್ಸ್ 32 ಸಲ ಚೆಂಡು ಹೊತ್ತು 116 ಗಜ ಓಡಿದರು. ಓಟದಲ್ಲಿ ಮಿಷಿಗನ್‌ಗೆ ಒಟ್ಟು 172 ಗಜ, ಓಹಾಯೊ ಸ್ಟೇಟ್‌ಗೆ ಬರೀ 77.

ಇದು ಆಲ್ಫರ್ಡ್ ತಂದ ಗೆಲುವಾ? ಹಾಗಂತ ಹೇಳೋಕೆ ಆಗಲ್ಲ. ಮಿಷಿಗನ್ ಡಿಫೆನ್ಸಿನ ಮುಂದಿನ ಸಾಲಿನಲ್ಲಿ ಗೋಡೆಯಂಥ ಇಬ್ಬರಿದ್ದರು. ಓಹಾಯೊ ಸ್ಟೇಟ್ ಮತ್ತೆ ಮತ್ತೆ ಅದೇ ಗೋಡೆಗೆ ಹೋಗಿ ಗುದ್ದಿತು. ಅದಕ್ಕೆ ಒಳಗಿನ ಮಾಹಿತಿ ಬೇಕಾಗಿಯೇ ಇರಲಿಲ್ಲ.

ನೋಲ್ಸ್ ಲೆಕ್ಕ ಇನ್ನೂ ಸ್ಪಷ್ಟ. 2025ರ ನವೆಂಬರ್ 1ರಂದು ಅವರ ಹೊಸ ತಂಡ ಪೆನ್ ಸ್ಟೇಟ್ ಕೊಲಂಬಸ್‌ಗೆ ಬಂತು. ಓಹಾಯೊ ಸ್ಟೇಟ್ 38–14ರಿಂದ ಗೆದ್ದಿತು. ಹಿಂದಿನ ವರ್ಷ ದಿನಾ ಅಭ್ಯಾಸದಲ್ಲಿ ಅವರ ಡಿಫೆನ್ಸಿನ ಎದುರು ಆಡಿದ ಹುಡುಗರಿಗೂ ಅವರು ಯೋಚಿಸುವ ರೀತಿ ಗೊತ್ತಿತ್ತಲ್ಲ. ಮಾಹಿತಿ ಅನ್ನೋದು ಎರಡೂ ಕಡೆಗೆ ಹರಿಯುತ್ತೆ. ಇದನ್ನು ನಾವು ಮರೆತುಬಿಡ್ತೀವಿ.

ಇನ್ನೂ ದೊಡ್ಡ ಸಾಕ್ಷಿ ಬೇಕಾ? ಅಲಬಾಮಾದ ಹೆಡ್ ಕೋಚ್ ಆಗಿದ್ದ ನಿಕ್ ಸೇಬನ್ ಕೈಕೆಳಗೆ ಪಳಗಿದ ಎಷ್ಟೋ ಅಸಿಸ್ಟೆಂಟ್‌ಗಳು ಬೇರೆ ಕಡೆ ಹೆಡ್ ಕೋಚ್ ಆಗಿ ಅವರ ವಿರುದ್ಧವೇ ನಿಂತರು. ಸೇಬನ್ ತಲೆ ಹೇಗೆ ಓಡುತ್ತೆ ಅಂತ ಇವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಬೇಕು? ಆದರೂ ಮೊದಲ 24 ಪಂದ್ಯಗಳಲ್ಲಿ ಒಬ್ಬರೂ ಗೆಲ್ಲಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಟೆಕ್ಸಾಸ್ ಎ ಅಂಡ್ ಎಂ ತಂಡದ ಜಿಂಬೊ ಫಿಶರ್ 41–38ರಿಂದ ಗೆದ್ದದ್ದೇ ಮೊದಲು. ಮೂರು ತಿಂಗಳ ನಂತರ ಜಾರ್ಜಿಯಾದ ಕರ್ಬಿ ಸ್ಮಾರ್ಟ್ ರಾಷ್ಟ್ರೀಯ ಫೈನಲ್‌ನಲ್ಲಿ 33–18ರಿಂದ ಗೆದ್ದರು. ಸ್ಮಾರ್ಟ್ ಅಲಬಾಮಾ ಬಿಟ್ಟದ್ದು 2015ರ ಸೀಸನ್ನಿನ ಕೊನೆಯಲ್ಲಿ. ಅಂದರೆ ಗೆಲ್ಲುವ ಹೊತ್ತಿಗೆ ಆರು ವರ್ಷ ಆಗಿತ್ತು. ಹಳೆಯ ಗುಟ್ಟು ಅಷ್ಟು ಹೊತ್ತಿಗೆ ಹಳಸಿರುತ್ತೆ. ಅವರನ್ನು ಗೆಲ್ಲಿಸಿದ್ದು ಆ ಆರು ವರ್ಷಗಳಲ್ಲಿ ಒಬ್ಬೊಬ್ಬರಾಗಿ ಕೂಡಿಸಿದ ಹುಡುಗರು.

ತಡೆಯೋಕೆ ಆಗಲ್ವಾ?

ಪ್ಲೇಸ್‌ಮೆಂಟ್ ಸಮಯದಲ್ಲಿ ಬಾಂಡ್ ಓದಿದವರಿಗೆ ಈ ಭಾಗ ಬೇಗ ಅರ್ಥ ಆಗುತ್ತೆ. ಕೋಚ್‌ಗಳ ಒಪ್ಪಂದದಲ್ಲಿ ‘ಬೈಔಟ್’ ಅಂತ ಒಂದು ಷರತ್ತು ಇರುತ್ತೆ. ಅವಧಿ ಮುಗಿಯುವ ಮೊದಲು ಬಿಟ್ಟರೆ ಇಷ್ಟು ದುಡ್ಡು ಕಟ್ಟಬೇಕು ಅಂತ. ಸಾಮಾನ್ಯವಾಗಿ ಹೊಸ ಯೂನಿವರ್ಸಿಟಿಯೇ ಅದನ್ನು ಕಟ್ಟಿ ಕರೆದುಕೊಳ್ಳುತ್ತೆ. ಹಾಗಾಗಿ ಅದು ಬೀಗ ಅಲ್ಲ, ಟೋಲ್ ಗೇಟು.

ಈ ಷರತ್ತು ಕೋರ್ಟಿಗೆ ಹೋದ ಒಂದು ಪ್ರಸಂಗ ಸ್ವಾರಸ್ಯವಾಗಿದೆ. ಜೋ ವಿಕ್‌ಲೈನ್ ಅನ್ನುವವರು ಒಕ್ಲಹೋಮ ಸ್ಟೇಟ್‌ನಲ್ಲಿ ಅಸಿಸ್ಟೆಂಟ್ ಕೋಚ್. 2014ರಲ್ಲಿ ಅದೇ ಕೂಟದ ಟೆಕ್ಸಾಸ್‌ಗೆ ಹೋದರು. ಹೊಸ ಕೆಲಸದಲ್ಲಿ ಪಂದ್ಯದ ವೇಳೆ ಪ್ಲೇ ನಿರ್ಧರಿಸುವ ಜವಾಬ್ದಾರಿ ಇದ್ದರೆ ಅದು ಬಡ್ತಿ, ದುಡ್ಡು ಕಟ್ಟಬೇಕಿಲ್ಲ. ಇಲ್ಲದಿದ್ದರೆ ಸುಮಾರು 6 ಲಕ್ಷ ಡಾಲರ್ ಕಟ್ಟಬೇಕು ಅಂತ ಅವರ ಹಳೆಯ ಒಪ್ಪಂದದಲ್ಲಿತ್ತು. ಟೆಕ್ಸಾಸ್ ಅವರಿಗೆ ಅಫೆನ್ಸ್ ಕೋಆರ್ಡಿನೇಟರ್ ಅಂತ ಹೆಸರು ಕೊಟ್ಟಿತು. ಆದರೆ ಪ್ಲೇ ನಿರ್ಧರಿಸುವಲ್ಲಿ ಕೊನೆಯ ಮಾತು ಶಾನ್ ವಾಟ್ಸನ್ ಎಂಬ ಇನ್ನೊಬ್ಬ ಕೋಚ್‌ದು ಅಂತ ಸುದ್ದಿ. ಒಕ್ಲಹೋಮ ಸ್ಟೇಟ್ ಕೇಸು ಹಾಕಿತು. ಪಂದ್ಯದಲ್ಲಿ ಪ್ಲೇ ಹೇಳುತ್ತಿದ್ದವರು ಯಾರು ಅನ್ನುವ ಒಂದೇ ಪ್ರಶ್ನೆಗೆ ಕೋಚ್‌ಗಳೆಲ್ಲ ಪ್ರಮಾಣ ಮಾಡಿ ಹೇಳಿಕೆ ಕೊಡಬೇಕಾಯಿತು! ಕೊನೆಗೆ ರಾಜಿಯಲ್ಲಿ ಮುಗಿಯಿತು. ತಮಾಷೆ ಏನಂದರೆ, 2015ರ ಸೀಸನ್ನಿನ ಮೊದಲ ಪಂದ್ಯ ಸೋತ ಮೇಲೆ ಟೆಕ್ಸಾಸ್ ಹೆಡ್ ಕೋಚ್ ಆ ಜವಾಬ್ದಾರಿಯನ್ನು ಇವರಿಬ್ಬರಿಗೂ ಇಲ್ಲದಂತೆ ಮೂರನೆಯವರಿಗೆ ಕೊಟ್ಟುಬಿಟ್ಟರು.

ಹಿಂದೆ ಉಳಿದ ಹುಡುಗ

ಇಷ್ಟೆಲ್ಲ ಆದಮೇಲೆ ಮೂರನೇ ಪ್ರಶ್ನೆ. ನಷ್ಟ ಯಾರಿಗೆ?

ಯೂನಿವರ್ಸಿಟಿಗೆ ಬೈಔಟ್ ದುಡ್ಡು ಬರುತ್ತೆ, ಹೊಸ ಕೋಚ್ ಸಿಗುತ್ತಾರೆ. ಆಲ್ಫರ್ಡ್ ಹೋದ ಮೇಲೆ ಓಹಾಯೊ ಸ್ಟೇಟ್ ಕಾರ್ಲೋಸ್ ಲಾಕ್‌ಲಿನ್ ಅವರನ್ನು ಆರೆಗನ್ ಯೂನಿವರ್ಸಿಟಿಯಿಂದ ಕರೆತಂದಿತು. ಆರೆಗನ್ ಕೂಡ ಅದೇ 2024ರಲ್ಲಿ ಬಿಗ್ ಟೆನ್ ಕೂಟಕ್ಕೆ ಸೇರುತ್ತಿದ್ದ ಎದುರಾಳಿಯೇ. ಅಂದರೆ ತಮ್ಮವರು ಹೋದಾಗ ದ್ರೋಹ, ಬೇರೆಯವರು ಬಂದಾಗ ಸ್ವಾಗತ.

ನಷ್ಟ ಆಗುವುದು ಆ ಕೋಚ್‌ನ ನಂಬಿ ಬಂದ ಹದಿನೆಂಟು ವರ್ಷದ ಹುಡುಗನಿಗೆ. ಹಿಂದೆ ಆಟಗಾರರು ಸಹಿ ಹಾಕುತ್ತಿದ್ದ ರಾಷ್ಟ್ರೀಯ ಒಪ್ಪಿಗೆ ಪತ್ರದಲ್ಲಿ ಒಂದು ಮಾತು ಸ್ಪಷ್ಟವಾಗಿತ್ತು: ನೀನು ಸೇರುತ್ತಿರುವುದು ಯೂನಿವರ್ಸಿಟಿಗೆ, ಕೋಚ್‌ಗೆ ಅಲ್ಲ. ಕೋಚ್ ಮರುದಿನವೇ ಹೋಗಬಹುದು, ನಿನ್ನ ಸಹಿ ಹಾಗೇ ಇರುತ್ತೆ. 2021ರ ಮೊದಲು ಆ ಹುಡುಗ ಬೇರೆ ಯೂನಿವರ್ಸಿಟಿಗೆ ಹೋದರೆ ಒಂದು ಸೀಸನ್ ಆಡದೆ ಕೂರಬೇಕಿತ್ತು. ಕೋಚ್‌ಗೆ ಅಂಥ ಯಾವ ಶಿಕ್ಷೆಯೂ ಇರಲಿಲ್ಲ, ಮುಂದಿನ ವಾರವೇ ಹೊಸ ಟೋಪಿ ಹಾಕಿಕೊಂಡು ಕೆಲಸ ಶುರು.

ಈ ಅನ್ಯಾಯ ಈಗ ಕಮ್ಮಿಯಾಗಿದೆ. 2021ರಲ್ಲಿ ಆಟಗಾರರಿಗೆ ಒಮ್ಮೆ ಯಾವ ಶಿಕ್ಷೆಯೂ ಇಲ್ಲದೆ ತಂಡ ಬದಲಿಸುವ ಅವಕಾಶ ಬಂತು. 2024ರಲ್ಲಿ, ಓದಿನಲ್ಲಿ ಸರಿಯಿದ್ದರೆ ಎಷ್ಟು ಸಲ ಬೇಕಾದರೂ ಬದಲಿಸಬಹುದು ಅಂತಾಯಿತು. 2025ರ ಜುಲೈಯಿಂದ ಯೂನಿವರ್ಸಿಟಿಗಳು ಆಟಗಾರರಿಗೆ ನೇರವಾಗಿ ದುಡ್ಡನ್ನೂ ಕೊಡಬಹುದು. ಆದರೆ ಒಂದು ಅಂತರ ಉಳಿದಿದೆ. ಹೆಡ್ ಕೋಚ್ ಬದಲಾದರೆ ಆಟಗಾರರಿಗೆ ತಂಡ ಬಿಡಲು ವಿಶೇಷ ಕಾಲಾವಕಾಶ ಸಿಗುತ್ತೆ. ಅಸಿಸ್ಟೆಂಟ್ ಕೋಚ್ ಹೋದರೆ ಸಿಗಲ್ಲ, ಮಾಮೂಲಿ ಅವಧಿಗೆ ಕಾಯಬೇಕು. ದಿನಾ ಮಾತಾಡುವುದು, ಮನೆ ನೆನಪಾದಾಗ ಹೇಳಿಕೊಳ್ಳುವುದು ಅಸಿಸ್ಟೆಂಟ್ ಕೋಚ್ ಹತ್ತಿರ. ನಿಯಮದ ಕಣ್ಣಿಗೆ ಮಾತ್ರ ಆ ಸಂಬಂಧ ಲೆಕ್ಕಕ್ಕಿಲ್ಲ.

ಟ್ರೆವಿಯನ್ ಹೆಂಡರ್ಸನ್ ಅವರನ್ನು ನೋಡಿ. ವರ್ಜೀನಿಯಾದ ಈ ಹುಡುಗನನ್ನು ಓಹಾಯೊ ಸ್ಟೇಟ್‌ಗೆ ಕರೆತರುವಲ್ಲಿ ಆಲ್ಫರ್ಡ್ ಪಾತ್ರ ದೊಡ್ಡದು. ಮೂರು ವರ್ಷ ಅವರ ಕೈಯಲ್ಲೇ ಪಳಗಿದ. 2024ರ ಜನವರಿಯಲ್ಲಿ ವೃತ್ತಿಪರ ಲೀಗಿಗೆ ಹೋಗುವ ಅವಕಾಶ ಇದ್ದರೂ, ಇನ್ನೊಂದು ವರ್ಷ ಇಲ್ಲೇ ಆಡುತ್ತೇನೆ ಅಂತ ಉಳಿದ. ಎರಡು ತಿಂಗಳಿಗೆ ಕೋಚ್ ಹೊರಟುಹೋದರು. ಆ ನವೆಂಬರ್‌ನಲ್ಲಿ ಇಬ್ಬರೂ ಒಂದೇ ಮೈದಾನದಲ್ಲಿ, ಎದುರುಬದುರು ಅಂಚುಗಳಲ್ಲಿ ನಿಂತಿದ್ದರು. ಹೆಂಡರ್ಸನ್‌ಗೆ ಕೊನೆಗೆ ಒಳ್ಳೆಯದೇ ಆಯಿತು. ರಾಷ್ಟ್ರೀಯ ಚಾಂಪಿಯನ್ ಆದ, ವೃತ್ತಿಪರ ತಂಡವೂ ಆರಿಸಿಕೊಂಡಿತು. ಆದರೆ ಪ್ರತಿಯೊಬ್ಬನೂ ಹೆಂಡರ್ಸನ್ ಅಲ್ಲ. ಬೆಂಚಿನ ಮೇಲೆ ಕೂತಿರುವ ನಾಲ್ಕನೇ ಆಯ್ಕೆಯ ಹುಡುಗನಿಗೆ “ಇವನಲ್ಲಿ ಏನೋ ಇದೆ” ಅಂತ ನಂಬಿದ್ದ ಒಬ್ಬನೇ ಮನುಷ್ಯ ಆ ಕೋಚ್ ಆಗಿರಬಹುದು. ಹೊಸಬರು ಬಂದಾಗ ಅವನು ಮತ್ತೆ ಸೊನ್ನೆಯಿಂದ ಶುರು ಮಾಡಬೇಕು.

ಇದನ್ನೆಲ್ಲ ಓದಿಕೊಂಡ ಮೇಲೆ ಆ ಸೀನಿಯರ್‌ಗೆ ಫೋನ್ ಮಾಡಿ ಕೇಳಿದೆ, “ಆಲ್ಫರ್ಡ್ ಮಾಡಿದ್ದು ತಪ್ಪು ಅನ್ಸುತ್ತಾ ನಿಮಗೆ?” ಅವರು ಸ್ವಲ್ಪ ಹೊತ್ತು ಯೋಚಿಸಿ ಅಂದರು: “ಕೆಲಸ ಬದಲಾಯಿಸಿದ್ದು ತಪ್ಪಲ್ಲ ಕಣೋ. ನಾಳೆ ನಾನೂ ಬದಲಾಯಿಸ್ತೀನಿ. ಆದ್ರೆ ಹೋಗೋ ಮುಂಚೆ ಆ ಹುಡುಗರನ್ನ ಕೂರಿಸ್ಕೊಂಡು ತಾನೇ ಹೇಳಿದ್ರಾ, ಇಲ್ಲ ಅವರು ಅದನ್ನ ಫೋನಲ್ಲಿ ನೋಡಿ ತಿಳ್ಕೊಂಡ್ರಾ? ನನಗೆ ಅಷ್ಟು ಗೊತ್ತಾದ್ರೆ ಸಾಕು.”

ಆಮೇಲೆ ಮಾತು ಬೇರೆ ಕಡೆ ಹೋಯಿತು. ಫೋನ್ ಇಡುವಾಗ ಅವರು ಹೇಳಿದ ಕೊನೆಯ ಸುದ್ದಿ: ಮುಂದಿನ ನವೆಂಬರ್‌ಗೆ ಅಂತ ಅವರ ಲ್ಯಾಬಿನ ಹುಡುಗರು ಈಗಲೇ ಕೆಂಪು ಟೇಪು ತಂದಿಟ್ಟಿದ್ದಾರಂತೆ.